60ರ ವೇಗಕ್ಕೆ ಬಿಳಿ ಐದು: ಹಳೆಯ ಕಾರಿನ ಒಂದು ಶಬ್ದವನ್ನು ಹುಡುಕಿದ ಬಗೆ



ಕಳೆದ ಸಲ ಸಂಘದ ಸಭೆ ಮುಗಿದು ಊಟಕ್ಕೆ ಕುಳಿತಿದ್ದಾಗ ಹೊಸೂರಿನಿಂದ ಬಂದಿದ್ದ ಸದಸ್ಯರೊಬ್ಬರು ತಮ್ಮ ಹಳೆಯ ಜೀಪಿನ ಸಂಕಟ ಹೇಳಿಕೊಂಡರು. ವೇಗ 50 ದಾಟಿತೋ ಇಲ್ಲವೋ, ಹಿಂದಿನಿಂದ ಗುಂಯ್ ಎಂಬ ಸದ್ದು. ಎರಡೂ ಕಡೆಯ ವೀಲ್ ಬೇರಿಂಗ್ ಬದಲಾಯಿಸಿದ್ದಾಯಿತು, ಟೈರ್ ಬದಲಾಯಿಸಿದ್ದಾಯಿತು, ಸದ್ದು ಮಾತ್ರ ಹಾಗೇ ಉಳಿಯಿತು. ನಾನು ಶಾರ್ಜಾದಲ್ಲಿದ್ದಾಗ ಇಂಥದ್ದೇ ಒಂದು ಸದ್ದಿನ ಹಿಂದೆ ಒಂದು ವರ್ಷ ಅಲೆದ ಕಥೆಯನ್ನು ಅಲ್ಲೇ ಹೇಳಿದೆ. ಬುಲೆಟಿನ್ ನೋಡಿಕೊಳ್ಳುವವರು ಅದನ್ನೇ ಬರೆದುಕೊಡಿ ಎಂದರು. ನಾನು ಮೆಕ್ಯಾನಿಕ್ ಅಲ್ಲ, ಲೆಕ್ಕಪತ್ರ ಬರೆದು ಹೊಟ್ಟೆ ಹೊರೆದವನು. ಆದರೆ ಈ ಒಂದು ಶಬ್ದದ ವಿಷಯದಲ್ಲಿ ಕೈ ಸುಟ್ಟುಕೊಂಡು ಕಲಿತಿದ್ದೇನೆ.

ಕಾಸರಗೋಡಿನ ಕಡೆಯವರಿಗೆ ಗಲ್ಫ್ ಅಂದರೆ ಪಕ್ಕದ ಪೇಟೆ ಇದ್ದ ಹಾಗೆ. ನಾನೂ ಹೋದೆ, ಇಪ್ಪತ್ತು ವರ್ಷಕ್ಕೂ ಮೇಲೆ ಅಲ್ಲಿದ್ದೆ. ಮಕ್ಕಳ ಓದು ಒಂದು ದಡ ಸೇರಿದ ಮೇಲೆ ಒಂದು ಹುಚ್ಚು ಮಾಡಿದೆ: 1992ರ ಮಾದರಿಯ ಮಾಜ್ದಾ ಎಂಎಕ್ಸ್-5 ಕೊಂಡೆ. ಎರಡೇ ಸೀಟು, ಬಟ್ಟೆಯ ಮಾಡು, 1.6 ಲೀಟರ್ ಎಂಜಿನ್, ಒಂದು ಟನ್ನಿಗಿಂತ ಕಡಿಮೆ ತೂಕ. 1989ರಲ್ಲಿ ಮೊದಲು ಹೊರಬಂದ ಈ ಕಾರಿಗೆ ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಎಂದು ಹೆಸರು. ಎಂಜಿನ್ ಮುಂದೆ, ಓಡಿಸುವ ಚಕ್ರ ಹಿಂದೆ. ಎಂಜಿನ್ನು, ಕ್ಲಚ್ಚು, ಗೇರ್‌ಬಾಕ್ಸು, ಉದ್ದಕ್ಕೆ ಪ್ರೊಪೆಲ್ಲರ್ ಶಾಫ್ಟು, ಕೊನೆಗೆ ಡಿಫರೆನ್ಷಿಯಲ್‌ನೊಳಗೆ ಕ್ರೌನ್-ಪಿನಿಯನ್, ಅಲ್ಲಿಂದ ಎರಡು ಕಡೆಗೆ ಆಕ್ಸಲ್, ಚಕ್ರ. ಜೀಪಿಗೂ ಓಮ್ನಿಗೂ ಇರುವುದು ಹೆಚ್ಚುಕಡಿಮೆ ಇದೇ ಸಾಲು, ಆದ್ದರಿಂದ ಮುಂದೆ ಬರೆಯುವುದು ಬಹುಪಾಲು ಅವಕ್ಕೂ ಹೊಂದುತ್ತದೆ. ಗೋವಾದ ಸದಸ್ಯರಿಗೆ ಅವರ ಊರಲ್ಲೇ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ನೆನಪಿರಬಹುದು. ಅದು ಮುಂದಿನ ಚಕ್ರದಿಂದ ಓಡುವ ಗಾಡಿ, ಹಾಗಾಗಿ ಉದ್ದದ ಶಾಫ್ಟಿನ ಮಾತು ಅದಕ್ಕಿಲ್ಲ.

ಕಾರು ಕೊಂಡಾಗಲೇ ಸದ್ದಿತ್ತು. ಒಂದಲ್ಲ, ಮೂರು. ಅದು ನನಗೆ ಆಮೇಲೆ ಗೊತ್ತಾಯಿತು. ಟೈರುಗಳು ಒಣಗಿ ಕಲ್ಲಿನಂತಾಗಿದ್ದವು, ಮೊರೆಯುತ್ತಿದ್ದವು. ಅವನ್ನು ಬದಲಾಯಿಸಿದಾಗ ಅದರಡಿಯಲ್ಲಿ ಅಡಗಿದ್ದ ಗೊರಗೊರ ಸದ್ದು ಮೇಲೆ ಬಂತು. ಆ ಗೊರಗೊರ ಬಲಕ್ಕೆ ತಿರುಗಿದಾಗ ಹೆಚ್ಚು, ಎಡಕ್ಕೆ ತಿರುಗಿದಾಗ ಕಡಿಮೆ. ಬಲಕ್ಕೆ ತಿರುಗಿದಾಗ ಭಾರ ಎಡಗಡೆಯ ಚಕ್ರಗಳ ಮೇಲೆ ಬೀಳುತ್ತದೆ, ಆದ್ದರಿಂದ ಎಡ ಬೇರಿಂಗ್ ಕೆಟ್ಟಿದೆ ಎಂದರ್ಥ. ಹಿಂದಿನ ಎಡ ಬೇರಿಂಗ್ ಹೊಸದು ಹಾಕಿದೆವು, ಗೊರಗೊರ ನಿಂತಿತು. ಸಂತೆಯ ಗದ್ದಲ ಇಳಿದ ಮೇಲೆ ಮೂಲೆಯಲ್ಲಿ ಅಳುವ ಮಗು ಕೇಳಿಸಿದ ಹಾಗೆ ಮೂರನೆಯದು ಆಗ ಕೇಳಿಸಿತು. ಸಣ್ಣಗೆ, ಒಂದೇ ಎಳೆಯಲ್ಲಿ, ನೀಯ್ ಎನ್ನುವ ಸ್ವರ. 55ರಿಂದ 85ರವರೆಗೆ, ಅದೂ ಆಕ್ಸಿಲರೇಟರಿನ ಮೇಲೆ ಕಾಲು ಹಗುರವಾಗಿ ಇಟ್ಟಿದ್ದಾಗ.

ರಿಪೇರಿಗೆ ನಾನು ಹೋಗುತ್ತಿದ್ದದ್ದು ನಮ್ಮ ಉಪ್ಪಳದ ಕಡೆಯ ಒಬ್ಬ ಮೇಸ್ತ್ರಿಯ ಗ್ಯಾರೇಜಿಗೆ. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅಂಥವರು ಬಹಳ. ಮೇಸ್ತ್ರಿ ಒಂದು ಸುತ್ತು ಓಡಿಸಿ ಬಂದು ಹೇಳಿದರು: "ಶೆಟ್ರೇ, ಇದು ಹಲ್ಲಿನ ಹಾಡು. ಎಲ್ಲ ಗಾಡಿಯಲ್ಲೂ ಇರ್ತದೆ. ನಿಮ್ಮದರಲ್ಲಿ ಸ್ವಲ್ಪ ಜಾಸ್ತಿ ಕೇಳ್ತದೆ, ಅಷ್ಟೇ ಮಾರಾಯ್ರೇ." ನಾನು ಒಪ್ಪಲಿಲ್ಲ. ಕೆಲಸ ಮಾಡಲು ಮನಸ್ಸಿಲ್ಲದೆ ಹೀಗೆ ಹೇಳುತ್ತಿದ್ದಾರೆ ಅಂದುಕೊಂಡೆ.

ಶಬ್ದ ಹುಡುಕುವವರೆಲ್ಲ ಮೊದಲು ಮಾಡುವ ತಪ್ಪು ಒಂದೇ. ಅದು ಎಲ್ಲಿಂದ ಬರುತ್ತದೆ ಎಂದು ಕಿವಿಯಿಂದ ಹುಡುಕುತ್ತಾರೆ. ಮಳೆಗಾಲ ಹಿಡಿಯುವ ಮುಂಚೆ ತೋಟದಲ್ಲಿ ಜೀರುಂಡೆ ಕೂಗುವಾಗ ಅದು ಯಾವ ಮರದಲ್ಲಿದೆ ಎಂದು ಹೇಳಲು ಆಗುತ್ತದೆಯೇ? ಕಾರೂ ಹಾಗೆಯೇ. ಇಡೀ ಮೈ ತಗಡು, ಹಿಂದೆ ಹುಟ್ಟಿದ ಸದ್ದು ನೆಲದ ತಗಡಿನಲ್ಲಿ ಹರಿದು ಕಾಲಡಿಯಲ್ಲಿ ಕೇಳುತ್ತದೆ. ನಾನು ಆರು ವಾರ ಅದು ಗೇರ್ ಲಿವರಿನ ಕೆಳಗಿದೆ ಎಂದೇ ನಂಬಿದ್ದೆ. ಕೇಳಬೇಕಾದ ಪ್ರಶ್ನೆ ಬೇರೆ: ಈ ಸದ್ದು ಯಾರ ಬೆನ್ನು ಹಿಡಿದು ಹೋಗುತ್ತಿದೆ? ಎಂಜಿನ್ ತಿರುಗುವ ವೇಗದ್ದೋ, ಗಾಡಿ ಓಡುವ ವೇಗದ್ದೋ, ಅಥವಾ ನಾವು ಕಾಲಿನಿಂದ ಕೊಡುವ ಜೋರಿನದ್ದೋ?

ಇದನ್ನು ತಿಳಿಯಲು ಒಂದು ಖಾಲಿ ರಸ್ತೆ, ಪಕ್ಕದಲ್ಲಿ ಕುಳಿತು ಬರೆದುಕೊಳ್ಳುವ ಒಬ್ಬರು ಸಾಕು.

ಮೊದಲು ಗಾಡಿ ನಿಂತಲ್ಲೇ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲಿ. ಕ್ಲಚ್ ಒತ್ತಿದಾಗ ಸದ್ದು ಹುಟ್ಟಿದರೆ ಕ್ಲಚ್ಚಿನ ರಿಲೀಸ್ ಬೇರಿಂಗ್ ಮೇಲೆ ಅನುಮಾನ. ಒತ್ತಿದಾಗ ಸದ್ದು ನಿಂತು, ಬಿಟ್ಟಾಗ ಮತ್ತೆ ಬಂದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗ್ ಮೇಲೆ. ನನ್ನ ಕಾರು ಎರಡಕ್ಕೂ ಮೌನ.

ಆಮೇಲೆ ಒಂದೇ ವೇಗದಲ್ಲಿ ಗೇರ್ ಬದಲಾಯಿಸಿ ನೋಡಬೇಕು. ಈ ಮಾಜ್ದಾದಲ್ಲಿ ನಾಲ್ಕನೆಯ ಗೇರ್ ನೇರ ಗೇರ್, ಅಂದರೆ ಎಂಜಿನ್ ಒಂದು ಸುತ್ತು ತಿರುಗಿದರೆ ಪ್ರೊಪೆಲ್ಲರ್ ಶಾಫ್ಟೂ ಒಂದು ಸುತ್ತು. ಐದನೆಯದರಲ್ಲಿ ಅದೇ ಶಾಫ್ಟಿನ ಒಂದು ಸುತ್ತಿಗೆ ಎಂಜಿನ್ 0.814 ಸುತ್ತು ತಿರುಗಿದರೆ ಸಾಕು. 60 ಕಿಲೋಮೀಟರಿನಲ್ಲಿ ನಾಲ್ಕನೆಯ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2370 ಸುತ್ತು, ಐದರಲ್ಲಿ ಸುಮಾರು 1930. ಸದ್ದು ಎಂಜಿನ್ನಿನದ್ದಾಗಿದ್ದರೆ ಗೇರ್ ಬದಲಾಯಿಸಿದ ಕೂಡಲೇ ಸ್ವರ ಇಳಿಯಬೇಕು. ನನ್ನದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಇನ್ನೊಂದು ಮಾತು: ನೇರ ಗೇರಿನಲ್ಲಿ ಜೋರು ಗೇರ್‌ಬಾಕ್ಸಿನ ಹಲ್ಲುಗಳ ಮೂಲಕ ಹಾಯುವುದೇ ಇಲ್ಲ, ಸೀದಾ ದಾಟಿಹೋಗುತ್ತದೆ. ಮೂರರಲ್ಲಿ ಕೇಳಿ ನಾಲ್ಕರಲ್ಲಿ ಮಾಯವಾಗುವ ಸದ್ದಾದರೆ ಗೇರ್‌ಬಾಕ್ಸನ್ನು ಹಿಡಿಯಬಹುದು. ನನ್ನದು ನಾಲ್ಕರಲ್ಲೂ ಐದರಲ್ಲೂ ಒಂದೇ ಸಮ. ಅಲ್ಲಿಗೆ ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಮೂರೂ ಬಿಡುಗಡೆ.

ಇನ್ನುಳಿದದ್ದು ಹಿಂದಿನ ಅರ್ಧ. ಸಮತಟ್ಟು ರಸ್ತೆಯಲ್ಲಿ 80ಕ್ಕೆ ಏರಿಸಿ ಕಾಲು ಪೂರ್ತಿ ತೆಗೆಯಿರಿ. ಟೈರಿಗೂ ವೀಲ್ ಬೇರಿಂಗಿಗೂ ನಿಮ್ಮ ಕಾಲು ಎಲ್ಲಿದೆ ಎಂಬುದು ಬೇಕಾಗಿಲ್ಲ, ಅವು ಉರುಳುವಷ್ಟು ಹೊತ್ತೂ ಸದ್ದು ಮಾಡುತ್ತವೆ. ಟೈರಿನದ್ದಾದರೆ ಹೊಸ ಡಾಂಬರಿನಿಂದ ಒರಟು ಡಾಂಬರಿಗೆ ಹೋದಾಗ ಬದಲಾಗುತ್ತದೆ. ಕಾಲು ತೆಗೆದ ಕೂಡಲೇ ನಿಂತುಹೋಗುವ ಸದ್ದು ಮಾತ್ರ ಹಲ್ಲಿಗೆ ಹಲ್ಲು ಒತ್ತುವ ಜಾಗದ್ದು. ಕ್ರೌನ್-ಪಿನಿಯನ್ ಹಲ್ಲಿಗೆ ಎರಡು ಮುಖ. ಎಂಜಿನ್ ಚಕ್ರವನ್ನು ದೂಡುವಾಗ ಒಂದು ಮುಖ ಒತ್ತುತ್ತದೆ, ಇಳಿಜಾರಿನಲ್ಲಿ ಚಕ್ರ ಎಂಜಿನ್ನನ್ನು ಎಳೆಯುವಾಗ ಇನ್ನೊಂದು. ನನ್ನ ಸದ್ದು ದೂಡುವ ಮುಖದ್ದು. (ಕಾಲು ಒತ್ತಿ ಬಿಟ್ಟಾಗ ಟಕ್ ಎಂದು ಒಂದೇ ಏಟು ಕೇಳಿದರೆ ಅದು ಬೇರೆ ಕಾಯಿಲೆ, ಎಲ್ಲೋ ಸಡಿಲವಾಗಿದೆ: ಶಾಫ್ಟಿನ ಕ್ರಾಸ್, ಬೋಲ್ಟ್ ಅಥವಾ ಮೌಂಟಿಂಗ್. ಹಾಗೆಯೇ ಶಾಫ್ಟಿನ ತೂಕ ಸಮನಾಗಿಲ್ಲದಿದ್ದರೆ ಸ್ವರ ಹುಟ್ಟುವುದಿಲ್ಲ, ಸೀಟು ನಡುಗುತ್ತದೆ.)

ಇಷ್ಟರವರೆಗೆ ಯಾವ ಮೆಕ್ಯಾನಿಕ್ಕೂ ಹೇಳಬಲ್ಲ. ಮುಂದಿನದು ನನ್ನ ಹವ್ಯಾಸದಿಂದ ಸಿಕ್ಕಿದ್ದು. ಶಾರ್ಜಾದಲ್ಲಿ ನಮ್ಮದೊಂದು ತಾಳಮದ್ದಳೆ ಕೂಟವಿತ್ತು, ಅಲ್ಲಿ ಶ್ರುತಿ ಹಿಡಿಯುವ ಕೆಲಸ ನನ್ನದು. ಒಂದು ಶುಕ್ರವಾರ ಕೂಟಕ್ಕೆ ಹೊರಟಾಗ ಶ್ರುತಿಪೆಟ್ಟಿಗೆ ಹೆಂಡತಿಯ ಮಡಿಲಲ್ಲಿತ್ತು. ಸರಿಯಾಗಿ 60ಕ್ಕೆ ಕಾರನ್ನು ನಿಲ್ಲಿಸಿಕೊಂಡು, "ಒಂದೊಂದೇ ಮನೆ ಬಿಡುತ್ತಾ ಬಾ" ಎಂದೆ. ಬಿಳಿ ನಾಲ್ಕು ಕೂಡಲಿಲ್ಲ. ಬಿಳಿ ಐದಕ್ಕೆ ಬಂದಾಗ ಕಾರೂ ಪೆಟ್ಟಿಗೆಯೂ ಒಂದಾದವು. ಅವಳಿಗೇ ನಗು ಬಂತು. ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಭಜನೆಗೆ ಪೇಟಿ ಬಾರಿಸುವವರಿಗೆ ಇದು ಸಫೇದ ಪಾಂಚ್.

ಮನೆಗೆ ಬಂದು ಲೆಕ್ಕ ಹಾಕಿದೆ, ನನಗೆ ಬರುವ ಕೆಲಸ ಅದೊಂದೇ. ನನ್ನ ಟೈರು 185/60, 14 ಇಂಚಿನದು, ಸುತ್ತಳತೆ ಸುಮಾರು 1.81 ಮೀಟರ್. 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ 16.67 ಮೀಟರ್, ಚಕ್ರ ಸೆಕೆಂಡಿಗೆ 9.2 ಸುತ್ತು. ಈ ಮಾದರಿಯ ಕ್ರೌನ್‌ನಲ್ಲಿ 43 ಹಲ್ಲು, ಪಿನಿಯನ್‌ನಲ್ಲಿ 10. ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟು 4.3 ಸುತ್ತು, ಸೆಕೆಂಡಿಗೆ ಹತ್ತಿರ ಹತ್ತಿರ 39.5. ಪ್ರತಿ ಸುತ್ತಿಗೂ 10 ಹಲ್ಲು ಒಂದಾದ ಮೇಲೊಂದು ಕಚ್ಚಿ ಬಿಡುತ್ತವೆ. ಆದ್ದರಿಂದ ಸೆಕೆಂಡಿಗೆ 395 ಬಡಿತ. ಮಧ್ಯದ ಸಪ್ತಕದ ಬಿಳಿ ಐದರ ಕಂಪನ 392. ಅಷ್ಟು ಹತ್ತಿರ ಕೂತದ್ದು ಕಂಡು ರಾತ್ರಿ ನಿದ್ದೆ ಬರಲಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ. ಮರುದಿನ 80ಕ್ಕೆ ಹೋಗಿ ನೋಡಿದೆ. 60ಕ್ಕೂ 80ಕ್ಕೂ ಇರುವ ಪ್ರಮಾಣ ಮೂರಕ್ಕೆ ನಾಲ್ಕು, ಷಡ್ಜದಿಂದ ಶುದ್ಧ ಮಧ್ಯಮಕ್ಕೆ ಇರುವ ದೂರ. ಕಾರು ಸರಿಯಾಗಿ ಮೇಲಿನ ಬಿಳಿ ಒಂದಕ್ಕೆ ಹೋಗಿ ನಿಂತಿತು.

ಇದನ್ನು ಮಾಡುವವರು ಎರಡು ವಿಷಯ ನೆನಪಿಡಿ. ಸ್ಪೀಡೋಮೀಟರ್ ಸಾಮಾನ್ಯವಾಗಿ ಇದ್ದದ್ದಕ್ಕಿಂತ ತುಸು ಹೆಚ್ಚೇ ತೋರಿಸುತ್ತದೆ, ಮೊಬೈಲಿನ ಜಿಪಿಎಸ್ ನೋಡಿ. ಎರಡನೆಯದು, ಮೇಲಿನ ಸಪ್ತಕವೋ ಕೆಳಗಿನದೋ ಎಂಬಲ್ಲಿ ಕಿವಿ ಮೋಸಹೋಗುತ್ತದೆ. ಶ್ರುತಿಜ್ಞಾನ ಇಲ್ಲದವರಿಗೆ ಕಂಪನದ ಸಂಖ್ಯೆಯನ್ನೇ ತೋರಿಸುವ ಮೊಬೈಲ್ ಆ್ಯಪ್‌ಗಳಿವೆ, ಪಕ್ಕದಲ್ಲಿ ಕುಳಿತವರು ನೋಡಲಿ. ಹೊಸೂರಿನ ಕಾರ್ಖಾನೆಗಳಲ್ಲಿ ಗೇರ್ ಕೆಲಸ ಮಾಡುವ ಸದಸ್ಯರಿಗೆ ಇದೆಲ್ಲ ದಿನದ ಪಾಠ, ಅವರು ನನ್ನ ಸಂಭ್ರಮ ನೋಡಿ ನಕ್ಕರೆ ತಪ್ಪಿಲ್ಲ.

ಈಗ ನನ್ನಲ್ಲಿ ಸಾಕ್ಷಿ ಇತ್ತು. ಗ್ಯಾರೇಜಿಗೆ ಹೋಗಿ ಹಾಳೆ ತೋರಿಸಿದೆ. ಮೇಸ್ತ್ರಿ ಕಾರನ್ನು ಲಿಫ್ಟಿನ ಮೇಲೆ ಎತ್ತಿ, ನಾಲ್ಕನೆಯ ಗೇರಿನಲ್ಲಿ ಓಡಿಸಿ, ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಡಿಫರೆನ್ಷಿಯಲ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳಿದರು. ಏನೂ ವಿಶೇಷವಿಲ್ಲ ಎಂದರು. ಚಕ್ರ ಗಾಳಿಯಲ್ಲಿ ತಿರುಗುವಾಗ ಹಲ್ಲಿನ ಮೇಲೆ ಭಾರವೇ ಇರುವುದಿಲ್ಲ, ಆದ್ದರಿಂದ ರಸ್ತೆಯಲ್ಲಿ ಹಾಡುವ ಹಲ್ಲು ಲಿಫ್ಟಿನ ಮೇಲೆ ಸುಮ್ಮನಿರುತ್ತದೆ. ಇದು ಆಗ ನನಗೆ ಗೊತ್ತಿರಲಿಲ್ಲ. ಅವರು ಒಳಗಿನ ಆಯಿಲ್ ತೆಗೆದು ಹೊಸದು ಹಾಕಿದರು. ಈ ಡಿಫರೆನ್ಷಿಯಲ್‌ಗೆ ಬೇಕಾಗುವುದು 0.65 ಲೀಟರ್ ಮಾತ್ರ, ಒಂದು ಬಾಟಲಿ ನೀರಿಗಿಂತಲೂ ಕಡಿಮೆ. ಹೊರಬಂದ ಆಯಿಲ್‌ನಲ್ಲಿ ಲೋಹದ ಚೂರಿರಲಿಲ್ಲ. "ಬಿಡಿ ಶೆಟ್ರೇ, ಒಳಗೆ ಚೆಂದ ಉಂಟು" ಎಂದರು. ನಾನು ಬಿಡಲಿಲ್ಲ.

ಗುಜರಿಯಲ್ಲಿ ಅಪಘಾತವಾದ ಇಂಥದ್ದೇ ಕಾರು ಸಿಕ್ಕಿತು. ಕ್ರೌನ್ ಮತ್ತು ಪಿನಿಯನ್ ಒಂದನ್ನೊಂದು ಉಜ್ಜಿ ಜೋಡಿಯಾಗಿಯೇ ತಯಾರಾಗುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಬದಲಾಯಿಸುವ ಹಾಗಿಲ್ಲ, ಇಡೀ ಜೋಡಿ ಬೇಕು. ಆ ಡಿಫರೆನ್ಷಿಯಲ್ ಅನ್ನು ಇಡಿಯಾಗಿ ಹಾಕಿಬಿಡೋಣ ಎಂದು ಮೇಸ್ತ್ರಿ ಹೇಳಿದರು. ಅದರ ಹಿಂಬದಿಯ ಕವಚಕ್ಕೆ ಎರಡು ಕೈಗಳಿರುತ್ತವೆ, ಆ ಕೈಗಳ ತುದಿಯ ಬುಷ್‌ಗಳ ಮೂಲಕ ಅದು ಸಬ್‌ಫ್ರೇಮಿಗೆ ತೂಗುತ್ತದೆ. ಗುಜರಿಯದರ ಬುಷ್ ಹಳೆಯ ಕಪ್ಪು ರಬ್ಬರು, ಅಂಚಿನಲ್ಲಿ ಸಣ್ಣಗೆ ಬಿರುಕು. ನನ್ನದರ ಬುಷ್ ಕೆಂಪು ಬಣ್ಣದ್ದು, ಹೊಸದರಂತೆ ಗಟ್ಟಿ. "ನನ್ನ ಕವಚವನ್ನೇ ಇಟ್ಟುಕೊಂಡು ಒಳಗಿನದನ್ನು ಮಾತ್ರ ಬದಲಾಯಿಸಿ" ಎಂದು ಹಟ ಹಿಡಿದವನು ನಾನು. ಹಾಗೇ ಮಾಡಿದರು. ನನ್ನ ಹಳೆಯ ಜೋಡಿಯನ್ನು ಗುಜರಿಯವನಿಗೆ ಕೊಟ್ಟು ಸ್ವಲ್ಪ ದರ ಇಳಿಸಿಕೊಂಡೆ.

ಹೊರಗೆ ಓಡಿಸಿದೆ. 60. ಬಿಳಿ ಐದು. ಕಿಂಚಿತ್ತೂ ವ್ಯತ್ಯಾಸವಿಲ್ಲ.

ಇದರ ಮುಂದಿನದನ್ನು ಬರೆಯಲು ಸಂಕೋಚವಾಗುತ್ತದೆ. ಜೋಡಿಸುವುದರಲ್ಲಿ ತಪ್ಪು ಮಾಡಿದ್ದೀರಿ ಎಂದು ಗ್ಯಾರೇಜಿನ ಹುಡುಗರ ಎದುರಿಗೇ ಹೇಳಿದೆ. ಮೇಸ್ತ್ರಿ ಮರುಮಾತಾಡಲಿಲ್ಲ, ಕೂಲಿಯ ಅರ್ಧ ಹಣ ಹಿಂದಕ್ಕೆ ಕೊಟ್ಟರು. ನಾನು ತೆಗೆದುಕೊಂಡೆ. ಅಷ್ಟಕ್ಕೂ ನಿಲ್ಲದೆ ಕೂಟದಲ್ಲಿ ಕಾರಿದ್ದವರಿಗೆಲ್ಲ ಆ ಗ್ಯಾರೇಜಿಗೆ ಹೋಗಬೇಡಿ ಎಂದೆ. ಅವರಲ್ಲಿ ಮೂವರು ಅಲ್ಲಿಗೆ ಹೋಗುವುದನ್ನು ಬಿಟ್ಟರು. ಮೇಸ್ತ್ರಿ ಅರ್ಥ ಕೇಳಲು ನಮ್ಮ ಕೂಟಕ್ಕೆ ಬರುತ್ತಿದ್ದವರು. ಬರುವುದನ್ನು ನಿಲ್ಲಿಸಿದರು.

ಎರಡು ತಿಂಗಳಾದ ಮೇಲೆ ಕೂಟಕ್ಕೆ ಬೇರೆ ಹಾಲ್ ಸಿಕ್ಕಿತು. ಎಂದಿನಂತೆ ಚಾಪೆಯ ಮೇಲೆ ಇರಬೇಕಾದ ಶ್ರುತಿಪೆಟ್ಟಿಗೆಯನ್ನು ಯಾರೋ ಪ್ಲೈವುಡ್ಡಿನ ವೇದಿಕೆಯ ಮೇಲೆ ಇಟ್ಟರು. ಇಟ್ಟ ಕೂಡಲೇ ಭಾಗವತರು ಶ್ರುತಿ ಕಡಿಮೆ ಮಾಡಿ ಎಂದು ಕೈ ತೋರಿಸಿದರು. ಪೆಟ್ಟಿಗೆ ಅದೇ, ಸ್ವರ ಅದೇ, ಹಲಗೆ ಇಡೀ ಹಾಡುತ್ತಿತ್ತು. ಪೆಟ್ಟಿಗೆಯ ಅಡಿಗೆ ಶಾಲು ಮಡಚಿ ಇಟ್ಟೆ, ಸರಿಹೋಯಿತು. ಅರ್ಥಗಾರಿಕೆ ಒಂದೂ ತಲೆಗೆ ಹೋಗಲಿಲ್ಲ. ಕೆಂಪು ಬುಷ್ ಕಣ್ಣ ಮುಂದೆ ಬಂದಿತ್ತು.

ಎಷ್ಟೇ ಚೆನ್ನಾಗಿ ಕೊಯ್ದ ಹಲ್ಲಾದರೂ ಒಂದರಿಂದ ಒಂದಕ್ಕೆ ಜೋರು ದಾಟುವಾಗ ಅತಿ ಸಣ್ಣ ಏರಿಳಿತ ಇದ್ದೇ ಇರುತ್ತದೆ, ಅದೇ ಆ ಸ್ವರ. ಕಂಪನಿಯವರು ಅದಕ್ಕೇ ಡಿಫರೆನ್ಷಿಯಲ್ ಅನ್ನು ಮೃದು ರಬ್ಬರಿನಲ್ಲಿ ತೂಗುಹಾಕುತ್ತಾರೆ. ಸ್ವರ ಹುಟ್ಟುತ್ತದೆ, ಮೈಗೆ ತಲುಪುವುದಿಲ್ಲ. ರೇಸ್ ಟ್ರ್ಯಾಕಿನಲ್ಲಿ ಓಡಿಸುವವರಿಗೆ ಆ ಮೃದುತನ ಬೇಡ. ಜೋರು ಕೊಟ್ಟಾಗ ಡಿಫರೆನ್ಷಿಯಲ್ ಹೊರಳಬಾರದು ಎಂದು ಅವರು ಪಾಲಿಯುರೆಥೇನ್ ಬುಷ್ ಹಾಕಿಸುತ್ತಾರೆ. ಅದು ಗಟ್ಟಿ, ಬಾಳಿಕೆಯದು, ಬಣ್ಣವೂ ಚೆಂದ. ನನ್ನ ಕಾರಿನ ಹಿಂದಿನ ಯಜಮಾನ ಅದನ್ನು ಹಾಕಿಸಿದ್ದ. ಹಲ್ಲಿನ ಸ್ವರ ಆ ಗಟ್ಟಿ ಬುಷ್ ದಾಟಿ ಸಬ್‌ಫ್ರೇಮಿಗೆ, ಅಲ್ಲಿಂದ ನೆಲದ ತಗಡಿಗೆ. ಹಾಡುವವರನ್ನು ಬದಲಾಯಿಸಿದ್ದೆ, ವೇದಿಕೆಯನ್ನು ಹಾಗೇ ಬಿಟ್ಟಿದ್ದೆ.

ಮರುದಿನ ಗ್ಯಾರೇಜಿಗೆ ಹೋದೆ. ಅರ್ಧ ಕೂಲಿಯ ಹಣ ಮೇಜಿನ ಮೇಲಿಟ್ಟು, ತಪ್ಪು ನನ್ನದು ಎಂದೆ. ಅದನ್ನೂ ಹುಡುಗರ ಎದುರಿಗೇ ಹೇಳಿದೆ. ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲು ಚಾ ಕುಡಿಯಿರಿ, ಆಮೇಲೆ ಬುಷ್ ನೋಡುವ" ಎಂದರು. ಲಿಫ್ಟಿನ ಮೇಲೆ ಎತ್ತಿ, ಈ ಸಲ ಹ್ಯಾಂಡ್‌ಬ್ರೇಕನ್ನು ಒಂದೆರಡು ಹಲ್ಲು ಎಳೆದು ಹಿಂದಿನ ಚಕ್ರಕ್ಕೆ ಸ್ವಲ್ಪ ಭಾರ ಕೊಟ್ಟರು. ಹಲ್ಲು ಹಾಡಿತು. ಸ್ಕ್ರೂಡ್ರೈವರನ್ನು ಬುಷ್‌ನ ಈ ಕಡೆ ಡಿಫರೆನ್ಷಿಯಲ್‌ಗೆ ಒತ್ತಿ ಕೇಳಿದರು, ಆ ಕಡೆ ಸಬ್‌ಫ್ರೇಮಿಗೆ ಒತ್ತಿ ಕೇಳಿದರು, ನನಗೂ ಕೇಳಿಸಿದರು. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಜೋರು. ರಬ್ಬರಾಗಿದ್ದರೆ ಆ ಕಡೆ ಬಹಳ ಇಳಿಯಬೇಕಿತ್ತು. ಈ ಪರೀಕ್ಷೆಯನ್ನು ಮನೆಯ ಅಂಗಳದಲ್ಲಿ ಜಾಕ್ ಕೊಟ್ಟು ಯಾರೂ ಮಾಡಬೇಡಿ. ಚಕ್ರ ತಿರುಗುತ್ತಿರುವ ಗಾಡಿಯ ಅಡಿಗೆ ಹೋಗುವ ಕೆಲಸ ಲಿಫ್ಟ್ ಇರುವಲ್ಲಿ, ಅದನ್ನೇ ಮಾಡಿಕೊಂಡು ಬಂದವರಿಗೆ ಮಾತ್ರ.

ಹೊಸ ರಬ್ಬರ್ ಬುಷ್ ತರಿಸಿ, ಹಳೆಯದನ್ನು ಪ್ರೆಸ್‌ನಲ್ಲಿ ಒತ್ತಿ ತೆಗೆದು ಹಾಕುವುದಕ್ಕೆ ಒಂದು ದಿನ ಹಿಡಿಯಿತು. ಈ ಕಾರಿನಲ್ಲಿ ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್‌ಗೂ ನಡುವೆ ಉದ್ದಕ್ಕೆ ಒಂದು ಅಲ್ಯುಮಿನಿಯಂ ತೊಲೆಯಿದೆ. ಅದನ್ನು ಮತ್ತೆ ಕಟ್ಟುವಾಗ ಪುಸ್ತಕದಲ್ಲಿ ಹೇಳಿದ ಎತ್ತರಕ್ಕೇ ಕೂರಿಸಿ, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು, ಇಲ್ಲದಿದ್ದರೆ ಸದ್ದು ಹೋಗಿ ನಡುಕ ಬರುತ್ತದೆ. ಮೇಸ್ತ್ರಿ ಅದನ್ನು ಮೂರು ಸಲ ಅಳೆದರು. ಸಂಜೆ ಅವರೇ ಓಡಿಸಿದರು, ನಾನು ಪಕ್ಕದಲ್ಲಿ. 60ರಲ್ಲಿ ಎಸಿ ನಿಲ್ಲಿಸಿ, ಉಸಿರು ಬಿಗಿಹಿಡಿದು ಕೇಳಿದರೆ ಬಿಳಿ ಐದು ಇತ್ತು, ಪಕ್ಕದ ಮನೆಯ ರೇಡಿಯೋದಷ್ಟು ದೂರದಲ್ಲಿ. ಮೇಸ್ತ್ರಿ ನನ್ನ ಮುಖ ನೋಡಿ, "ಎಲ್ಲ ಗಾಡಿಯಲ್ಲೂ ಇರ್ತದೆ" ಎಂದರು.

ನನ್ನ ಕಾರಿನ ಜೊತೆ ಹುಟ್ಟಿದ ಆ ಮೊದಲ ಕ್ರೌನ್-ಪಿನಿಯನ್ ಜೋಡಿ ಗುಜರಿಯಿಂದ ಅಷ್ಟರೊಳಗೆ ಮಾರಾಟವಾಗಿತ್ತು. ಒಳ್ಳೆಯ ಜೋಡಿ, ಕೊಂಡವನು ಅದೃಷ್ಟವಂತ. ಗ್ಯಾರೇಜು ಬಿಟ್ಟಿದ್ದ ಮೂವರಲ್ಲಿ ಇಬ್ಬರನ್ನು ನಾನೇ ಕರೆದುಕೊಂಡು ಹೋಗಿ ಬಿಟ್ಟೆ. ಮೂರನೆಯವರು ಆ ವೇಳೆಗೆ ಊರಿಗೆ ಮರಳಿದ್ದರು.

ಹೊಸೂರಿನ ಸದಸ್ಯರಿಗೆ: ನಿಮ್ಮ ಜೀಪಿನಲ್ಲಿ ಡಿಫರೆನ್ಷಿಯಲ್ ಇರುವುದು ಗಟ್ಟಿ ಆಕ್ಸಲ್‌ನೊಳಗೇ, ಹಾಗಾಗಿ ನನ್ನ ಕೆಂಪು ಬುಷ್ ನಿಮ್ಮಲ್ಲಿ ಇರುವುದಿಲ್ಲ. ಆದರೆ ಮೊದಲ ಪ್ರಶ್ನೆಗಳು ಅವೇ. ಬೇರೆ ಏನನ್ನೂ ಬಿಚ್ಚಿಸುವ ಮೊದಲು ಕಾಲು ತೆಗೆದಾಗ ಸದ್ದು ನಿಲ್ಲುತ್ತದೋ ಇಲ್ಲವೋ ನೋಡಿ. ನಿಲ್ಲುವುದಾದರೆ ಆಯಿಲ್ ಎಷ್ಟಿದೆ ನೋಡಿಸಿ, ಟೈರಿನ ಅಳತೆ, ಕ್ರೌನ್-ಪಿನಿಯನ್ ಹಲ್ಲಿನ ಲೆಕ್ಕ, ಜಿಪಿಎಸ್‌ನ 50ರಲ್ಲಿ ಮೊಬೈಲಿನಲ್ಲಿ ಹಿಡಿದ ಒಂದು ನಿಮಿಷದ ಧ್ವನಿ, ಇಷ್ಟನ್ನು ಸಂಘದ ಮೂಲಕ ಕಳಿಸಿ. ಶ್ರುತಿಪೆಟ್ಟಿಗೆ ಇನ್ನೂ ನನ್ನ ಹತ್ತಿರವೇ ಇದೆ.